ಹನ್ನೊಂದು ಹಾಳೆಯಲ್ಲಿ ಇಲ್ಲದ ಮಾತು

ಎರಡು ಲಕೋಟೆಗಳೂ ಶನಿವಾರ ಒಂದೇ ಟಪಾಲಿನಲ್ಲಿ ಬಂದವು. ಒಂದು ತೆಳ್ಳಗಿತ್ತು, ಇನ್ನೊಂದು ಹೊಟ್ಟೆ ಉಬ್ಬಿಸಿಕೊಂಡಿತ್ತು. ಮಗಳು ಎರಡನ್ನೂ ಒಡೆದು ನೋಡಿ ಮೇಜಿನ ಮೇಲಿಟ್ಟಿದ್ದೇ ತಡ, ಅಪ್ಪ ಅವನ್ನೆತ್ತಿ ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸಿನ ನಡುವೆ ಇಟ್ಟು ಹಿಡಿ ತಿರುಗಿಸಿಬಿಟ್ಟರು. ಸುಕ್ಕು ಬಿದ್ದ ಕಾಗದ ಕಂಡರೆ ಅವರ ಜೀವಕ್ಕೆ ಸಮಾಧಾನವಿರುತ್ತಿರಲಿಲ್ಲ.

"ಅಪ್ಪ, ಇನ್ನೊಂದು ಸಲ ಓದ್ಬೇಕಿತ್ತು."

"ಓದೋದು ಎಲ್ಲಿಗೂ ಓಡಿಹೋಗಲ್ಲ. ಒಪ್ಪಿಗೆ ತಿಳಿಸೋಕೆ ಬುಧವಾರದ ತನಕ ಟೈಮಿದೆ ಅಂದ್ಯಲ್ಲ. ಮೊದಲು ಸುಕ್ಕು ಹೋಗಲಿ."

ಅಪ್ಪನದು ಬೈಂಡಿಂಗ್ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ಒರಗಿಸಿದ ರಟ್ಟಿನ ಹಾಳೆಗಳು, ಕಿಟಕಿಯ ಸರಳಿಗೆ ಜೋತುಬಿದ್ದ ದಾರದ ಲಡಿಗಳು, ಮೂಲೆಯಲ್ಲಿ ಅಂಟಿನ ಡಬ್ಬ, ನಟ್ಟನಡುವೆ ಮನೆಯ ಯಜಮಾನನ ಹಾಗೆ ನಿಂತ ಕಟಿಂಗ್ ಮಶೀನು. ಬೆಟ್ಟದ ಮೇಲಿನ ವಿಶ್ವವಿದ್ಯಾಲಯದ ಪ್ರಬಂಧಗಳೆಲ್ಲ ಮೂವತ್ತು ವರ್ಷದಿಂದ ಇಲ್ಲಿಗೇ ಬಂದು ರಟ್ಟು ಹೊದ್ದುಕೊಂಡು ಹೋಗುತ್ತಿದ್ದವು. ಅವುಗಳ ಬೆನ್ನಿನ ಮೇಲೆ ಆ ವಿಶ್ವವಿದ್ಯಾಲಯದ ಹೆಸರನ್ನು ಚಿನ್ನದ ಬಣ್ಣದ ಅಕ್ಷರಗಳಲ್ಲಿ ಒತ್ತಿ ಒತ್ತಿ ಅಪ್ಪನ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಆದರೆ ಆ ಗೇಟಿನೊಳಗೆ ಅವರು ಒಂದು ದಿನವೂ ಕಾಲಿಟ್ಟವರಲ್ಲ. ಪ್ರಬಂಧ ತರುವವರು ತರುತ್ತಿದ್ದರು, ಒಯ್ಯುವವರು ಒಯ್ಯುತ್ತಿದ್ದರು.

ಅಪ್ಪ ಹೊಲಿಯಲು ಕೂತರೆ ಮೊದಲ ಹೊಲಿಗೆಗೆ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ದೇವರಿಗೆ ಏನು ಹೇಳುತ್ತಾರೋ ದೇವರಿಗೇ ಗೊತ್ತು. ಆಮೇಲೆ ಪದ್ಯ ಶುರು. ಆರಾರು ಸಾಲಿನ ಪದ್ಯಗಳು, ಒಂದರ ಬೆನ್ನಿಗೆ ಒಂದು, ದಬ್ಬಣ ಒಳಗೆ ಹೋಗಿ ಹೊರಗೆ ಬರುವ ಲಯಕ್ಕೆ. ಮಗಳು ಮೂರು ವರ್ಷದವಳಿದ್ದಾಗಿಂದ ಎದುರಿಗೆ ಕೂತು ದಾರಕ್ಕೆ ಮೇಣ ಸವರುತ್ತ ಅದನ್ನು ಕೇಳಿದ್ದಾಳೆ. ಕೆಲವೊಮ್ಮೆ ಅಪ್ಪ ಬೇಕೆಂದೇ ಒಂದು ಸಾಲು ನುಂಗಿಬಿಡುತ್ತಿದ್ದರು. "ಎಲ್ಲೋ ಒಂದು ಸಾಲು ಬಿತ್ತಲ್ಲ, ಹುಡುಕು ನೋಡೋಣ" ಎನ್ನುತ್ತಿದ್ದರು. ಅವಳು ಹುಡುಕಿ ಕೊಡುತ್ತಿದ್ದಳು. ಹಾಗೆ ಬೆಳೆದವಳಿಗೆ ಒಮ್ಮೆ ಕೇಳಿದ ಮಾತು ಮರೆಯುವುದೆಂದರೇನು ಎಂದೇ ತಿಳಿಯದು.

ದೊಡ್ಡ ಆಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ಕೂತು ಅವಳಿಗೆ ಏಳು ವರ್ಷ. ಅಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವಳು ಕಿವಿಯಕ್ಕ. ಎಕ್ಸ್‌ರೇ ಎಲ್ಲಿ ಎಂದು ಕೇಳಲು ಬಂದವರು ಎಕ್ಸ್‌ರೇ ಮರೆತು, ಮಗ ಮಾತು ಬಿಟ್ಟಿದ್ದು, ಸೊಸೆ ಬಸುರಿಯಾಗಿದ್ದು, ತಮಗೆ ಸಾಯುವ ಭಯ ಹತ್ತಿದ್ದು ಎಲ್ಲ ಹೇಳಿಕೊಂಡು ಹೋಗುತ್ತಾರೆ. "ನಿನ್ನ ಕಿವಿಗೊಂದು ವಿಮೆ ಮಾಡಿಸೆ ಮಾರಾಯ್ತಿ, ಸವೆದುಹೋಗುತ್ತೆ" ಎಂದು ಎರಡನೇ ಮಹಡಿಯ ನರ್ಸು ಚುಡಾಯಿಸುತ್ತಾಳೆ. ನಾಲ್ಕನೇ ಮಹಡಿಯಲ್ಲಿ ರೋಗಿಗಳ ಮನೆಯವರ ಕಷ್ಟ ವಿಚಾರಿಸುವ ಸಮಾಜಕಾರ್ಯಕರ್ತೆಯೊಬ್ಬರಿದ್ದಾರೆ. ಇನ್ನೆರಡು ವರ್ಷಕ್ಕೆ ಅವರಿಗೆ ನಿವೃತ್ತಿ. ಅವರೇ ಒಂದು ದಿನ ಕಿಟಕಿಗೆ ಮೊಣಕೈ ಊರಿ ನಿಂತು ಹೇಳಿದರು: "ಕೇಳೋದು ನಿನಗೆ ಹುಟ್ಟಿನಿಂದ ಬಂದಿದೆ. ಕೇಳಿದ ಮೇಲೆ ಏನು ಮಾಡ್ಬೇಕು ಅನ್ನೋದು ಓದಿದ್ರೇ ಬರೋದು. ಎಂ.ಎಸ್.ಡಬ್ಲ್ಯು. ಮಾಡು, ಹೋಗು."

ಮೂವತ್ತೊಂದರ ಹರೆಯದಲ್ಲಿ ಹೀಗೆ ಅವಳು ಎರಡು ಕಡೆ ಅರ್ಜಿ ಹಾಕಿದಳು. ಒಂದು ಬೆಟ್ಟದ ಮೇಲಿನ ವಿಶ್ವವಿದ್ಯಾಲಯ. ಇನ್ನೊಂದು ಬಸ್ ಡಿಪೊ ಪಕ್ಕದ ಸಂಜೆ ಕಾಲೇಜು. ಎರಡೂ ಕಡೆಯವರು ಕೇಳಿದ್ದು ಒಂದೇ: ಕಷ್ಟದಲ್ಲಿರುವ ಒಬ್ಬರೊಡನೆ ನೀವು ಆಡಿದ ಮಾತುಕತೆಯನ್ನು, ಹೆಸರು ಕಾಣಿಸದೆ, ನೆನಪಿನಿಂದ ಆದಷ್ಟು ಪೂರ್ತಿಯಾಗಿ ಬರೆದು ಕಳಿಸಿ. ಬೇರೆಯವರಿಗೆ ಎರಡು ಹಾಳೆ ತುಂಬಿಸುವುದೇ ತ್ರಾಸಾಗುತ್ತದಂತೆ. ಇವಳು ಹನ್ನೊಂದು ಹಾಳೆ ಬರೆದಳು. ಐದು ತಿಂಗಳ ಹಿಂದೆ ಹೆಂಡತಿಯನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿ, ಮೂರು ವಾರ ದಿನವೂ ಕಿಟಕಿಗೆ ಬಂದು "ನೋಡೋಕೆ ಎಷ್ಟು ಗಂಟೆಗೆ ಬಿಡ್ತಾರೆ" ಎಂದು ಗೊತ್ತಿದ್ದದ್ದನ್ನೇ ಕೇಳುತ್ತಿದ್ದ ಒಬ್ಬ ಅಜ್ಜನ ಮಾತುಗಳು. ಅವನ ಕೆಮ್ಮನ್ನೂ ಬಿಟ್ಟಿರಲಿಲ್ಲ.

ತೆಳ್ಳನೆಯ ಲಕೋಟೆ ಬೆಟ್ಟದಿಂದ ಬಂದದ್ದು. 'ನಿಮ್ಮ ಅಸಾಧಾರಣ ನೆನಪು ಮತ್ತು ನಿಖರತೆಯನ್ನು ಮೆಚ್ಚಿ ಪ್ರವೇಶ ನೀಡಲಾಗಿದೆ' ಎಂದಿತ್ತು. ಕೆಳಗೆ ಶುಲ್ಕ: ಅವಳ ನಾಲ್ಕು ವರ್ಷದ ಸಂಬಳ. ಹಗಲಿನ ತರಗತಿ, ಹಾಗಾಗಿ ಕೆಲಸವನ್ನೂ ಬಿಡಬೇಕು. ದಪ್ಪನೆಯದು ಡಿಪೊ ಕಾಲೇಜಿನದು. ಶುಲ್ಕ ಅದರ ಐದರಲ್ಲೊಂದು ಪಾಲು, ತರಗತಿ ಸಂಜೆ, ಕೆಲಸ ಬಿಡಬೇಕಾಗಿಲ್ಲ. ಅದರಲ್ಲೂ ಪ್ರವೇಶ ಕೊಟ್ಟಿದ್ದರು. ಆದರೆ ಪತ್ರದ ಹಿಂದೆ ಅವಳ ಹನ್ನೊಂದು ಹಾಳೆಗಳೂ ವಾಪಸು ಬಂದಿದ್ದವು, ಅಂಚಿನ ತುಂಬ ಕೆಂಪು ಪೆನ್ಸಿಲು. ಅವಳ ಮುಖ ಕಾದ ಹೆಂಚಿನಂತಾಯಿತು. ಒಂದಕ್ಷರ ಓದದೆ ಮಡಚಿ ಒಳಗೆ ತುರುಕಿದ್ದಳು. ಇಡೀ ಊರಿನ ಮಾತು ಕೇಳುವವಳು, ತನ್ನ ಮಾತು ಬಂದಾಗ ಕಿವಿ ಮುಚ್ಚಿಕೊಂಡಳು.

ಭಾನುವಾರ ಮಧ್ಯಾಹ್ನ ಸೋದರಮಾವ ಬಂದ. ಬಸ್ಸು ಓಡಿಸುವವನು, ಮನೆಯೊಳಗೂ ಹಾರನ್ ಹೊಡೆದ ಹಾಗೇ ಮಾತಾಡುತ್ತಾನೆ.

"ಆ ಕಾಲೇಜು ನನಗೆ ಗೊತ್ತಿಲ್ವಾ? ಅದರ ಕಿಟಕಿ ಕೆಳಗೇ ನಾನು ದಿನಾ ಬಸ್ಸು ಹಿಂದಕ್ಕೆ ತಗೊಳ್ಳೋದು. ಪಾಠ ಅರ್ಧ, ಹಾರನ್ ಅರ್ಧ. ಎರಡು ವರ್ಷ ಅಲ್ಲಿ ಓದಿದ್ರೆ ಇವಳಿಗೆ ಡಿಗ್ರಿ ಜೊತೆ ಡ್ರೈವಿಂಗ್ ಲೈಸೆನ್ಸೂ ಸಿಗುತ್ತೆ."

ಹಾಳೆ ಮಡಚುತ್ತ ಕೂತಿದ್ದ ಅಮ್ಮ ನಕ್ಕಳು. ಅಪ್ಪ ನಗಲಿಲ್ಲ.

"ನೀನು ತಮಾಷೆ ಮಾಡು. ನಾನು ಹೇಳ್ತೀನಿ ಕೇಳು. ಮೂವತ್ತು ವರ್ಷ ಆ ಹೆಸರು ಒತ್ತಿದೀನಿ. ಆ ಹೆಸರು ಒತ್ತಿಸಿಕೊಂಡು ಹೋದವರು ಏನೇನಾದ್ರು ಅಂತ ನನಗೆ ಗೊತ್ತು. ಇವಳಿಗೆ ತಾನಾಗಿ ಬಾಗಿಲು ತೆಗೆದು ಕರೀತಿದ್ದಾರೆ. ಡಿಪೊಗೆ ಹೋಗು ಅಂತ ನಾನು ಯಾವ ಬಾಯಲ್ಲಿ ಹೇಳಲಿ?"

"ಭಾವ, ಬಾಗಿಲು ತೆಗೆದಿದ್ದಾರೆ ಸರಿ. ಒಳಗೆ ಹೋಗೋಕೆ ಟಿಕೆಟ್ ತಗೋಬೇಕಲ್ಲ?"

"ಟಿಕೆಟ್ಟಿನ ಚಿಂತೆ ನನ್ನದು."

ಆಗ ಅಮ್ಮ, ತಲೆಯೆತ್ತದೆ, ಹಾಳೆಯ ಮಡಿಕೆಯ ಮೇಲೆ ಉಗುರೆಳೆಯುತ್ತ ಹೇಳಿದಳು: "ಮಶೀನು ಮಾರ್ತಾರಂತೆ. ನಿನ್ನೆ ಒಬ್ಬ ಬಂದು ನೋಡಿಕೊಂಡೂ ಹೋದ. ನನಗೆ ಹೇಳ್ಬೇಡ ಅಂದಿದ್ರು, ಹೇಳ್ಬಿಟ್ಟೆ."

ಮಗಳು ಎದ್ದು ಮಶೀನಿನ ಪಕ್ಕಕ್ಕೆ ಬಂದು ನಿಂತಳು.

"ಅಪ್ಪ! ಮಶೀನು ಕೊಟ್ಟು ಹೇಗೆ ಕೆಲಸ ಮಾಡ್ತೀರಿ?"

"ಅದು ಬರೋದಕ್ಕೆ ಮುಂಚೆ ಹೇಗೆ ಮಾಡ್ತಿದ್ದೆ? ಕೈಕತ್ತಿ ಇದೆ. ತೋಳಿದೆ."

"ಅರವತ್ಮೂರು ವರ್ಷದ ತೋಳು" ಎಂದಳು ಅಮ್ಮ.

"ಎಣಿಸೋಕೆ ನಿನಗೆ ಬೇರೆ ಏನೂ ಸಿಗಲಿಲ್ವಾ?" ಎಂದು ಅಪ್ಪ ಎದ್ದು ಅಂಟಿನ ಡಬ್ಬ ಕಲಕಲು ಹೋದರು. ಅದನ್ನು ಕಲಕುವ ಅಗತ್ಯವೇನೂ ಇರಲಿಲ್ಲ.

ಕಿವಿಯಕ್ಕ ಎರಡೂ ಕಡೆ ತೂಗಿ ನೋಡಿದಳು. ಬೇಡವೆಂದರೆ ಅಪ್ಪನ ಮೂವತ್ತು ವರ್ಷದ ಆಸೆಗೆ ಕಲ್ಲು ಹಾಕಿದಂತೆ. ಹೂಂ ಎಂದರೆ ಆ ಮಶೀನು ಹೊಸ್ತಿಲು ದಾಟುವುದನ್ನು ನೋಡಬೇಕು. ಎಲ್ಲ ಅಪ್ಪನ ಆಸೆಯೇ ಎಂದು ಹೇಳಿ ತಾನು ಜಾರಿಕೊಳ್ಳುವಂತೆಯೂ ಇರಲಿಲ್ಲ. ಬೆಟ್ಟದ ಪತ್ರದ 'ಅಸಾಧಾರಣ' ಎಂಬ ಮಾತನ್ನು ಅವಳು ಬಸ್ಸಿನಲ್ಲಿ, ಬಚ್ಚಲಲ್ಲಿ, ಒಲೆಯ ಮುಂದೆ ಎಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದಳೋ ಲೆಕ್ಕವಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ನರ್ಸು ಡಬ್ಬಿ ಹಿಡಿದು ಕಿಟಕಿಯ ಒಳಗೇ ಬಂದು ಕೂತಳು.

"ನೋಡು, ನಾನು ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಬೆಟ್ಟದ ಹೆಸರಿದ್ರೆ, ನಾಲ್ಕನೇ ಮಹಡಿಯವರು ರಿಟೈರ್ ಆದ ಮೇಲೆ ಆ ಕೋಣೆ ನಿನಗೆ ಕಣ್ಣು ಮುಚ್ಚಿ ಕೊಡ್ತಾರೆ. ಡಿಪೊ ಅಂದ್ರೆ ಹತ್ತು ಜನರ ಜೊತೆ ಸಾಲಲ್ಲಿ ನಿಲ್ಲಿಸ್ತಾರೆ. ಪ್ರಪಂಚ ಇರೋದೇ ಹಾಗೆ, ನೀನೂ ನಾನೂ ಮಾಡಿದ್ದಲ್ಲ."

"ಡಿಪೊದಲ್ಲಿ ಕಲಿಸೋದು ಹೇಗಂತೆ?"

"ಅದು ಯಾರಿಗೆ ಗೊತ್ತು? ಕಲಿಸೋದನ್ನ ಯಾರು ಕೇಳ್ತಾರೆ?" ಎಂದು ಅವಳು ಡಬ್ಬಿಯ ಮುಚ್ಚಳ ತೆಗೆದಳು.

ಆ ಪ್ರಶ್ನೆ ಕಿವಿಯಕ್ಕನ ಜೊತೆ ಬಸ್ಸು ಹತ್ತಿ ಮನೆಗೂ ಬಂತು. ಸಂಜೆ ಕೈಕಾಲು ತೊಳೆದವಳೇ ಪ್ರೆಸ್ಸಿನ ಹಿಡಿ ಸಡಿಲಿಸಿ ದಪ್ಪ ಲಕೋಟೆ ಎಳೆದಳು. ಈಗ ಅದೂ ತೆಳ್ಳಗಾಗಿತ್ತು. ನಿಂತೇ ಓದತೊಡಗಿದಳು.

ಕೆಂಪು ಪೆನ್ಸಿಲು ಬೈದಿರಲಿಲ್ಲ, ಹೊಗಳಿಯೂ ಇರಲಿಲ್ಲ. ಬರೀ ಕೇಳಿತ್ತು. ಎರಡನೇ ಹಾಳೆಯಲ್ಲಿ, 'ಇಲ್ಲಿ ಅವರು ಸುಮ್ಮನಾದಾಗ ನಿಮಗೆ ಏನನ್ನಿಸಿತು?' ಐದನೆಯದರಲ್ಲಿ, 'ಅವರ ಮಾತೆಲ್ಲ ಇದೆ. ನೀವು ಎಲ್ಲಿದ್ದೀರಿ?' ಒಂಬತ್ತನೇ ಹಾಳೆಯಲ್ಲಿ ಎರಡು ಸಾಲುಗಳ ನಡುವೆ ಒಂದು ಸಣ್ಣ ಬಾಣದ ಗುರುತು, ಪಕ್ಕದಲ್ಲಿ, 'ಇಲ್ಲಿ ಏನೋ ಬಿಟ್ಟುಹೋಗಿದೆ. ಏನು?'

ಅವಳಿಗೆ ರೇಗಿಹೋಯಿತು. ಬಿಟ್ಟುಹೋಗಿದೆಯಂತೆ! ತಾನು ಮಾತು ಬಿಟ್ಟವಳೇ? ಅಜ್ಜನ ಕೆಮ್ಮನ್ನೂ ಬಿಟ್ಟಿಲ್ಲ!

ಅಪ್ಪ ಒಂದು ಪುಸ್ತಕದ ಹೊಲಿಗೆ ಹಿಡಿದಿದ್ದರು. ಅವಳು ಎದುರಿಗೆ ಹೋಗಿ ಕೂತಳು, ಚಿಕ್ಕವಳಿದ್ದಾಗ ಕೂರುತ್ತಿದ್ದ ಜಾಗದಲ್ಲೇ.

"ಅಪ್ಪ, ಒಂದು ಮಾತುಕತೆ ಹೇಳ್ತೀನಿ. ಎಲ್ಲಾದ್ರೂ ಒಂದು ಸಾಲು ಬಿದ್ದಿದೆಯಾ ನೋಡಿ ಹೇಳಿ. ಪಕ್ಷಪಾತ ಮಾಡ್ಬೇಡಿ."

"ಪದ್ಯಕ್ಕೆ ಯಾವ ಪಕ್ಷಪಾತ? ಹೇಳು."

ಹಾಳೆ ಮಡಿಲಲ್ಲಿಟ್ಟುಕೊಂಡು, ಆದರೆ ನೋಡದೆ, ಮೊದಲಿನಿಂದ ಹೇಳತೊಡಗಿದಳು. ಅಜ್ಜನ ದನಿಯನ್ನೇ ತಂದಳು. ಅಪ್ಪನ ದಬ್ಬಣ ಅದೇ ಲಯಕ್ಕೆ ಒಳಗೆ ಹೊರಗೆ ಆಡಿತು. ಅಡುಗೆಮನೆಯಿಂದ ಅಮ್ಮನೂ ಬಂದು ಬಾಗಿಲಿಗೆ ಒರಗಿದಳು.

"'ನಾಲ್ಕು ಗಂಟೆ ಆಯ್ತೇನಮ್ಮ? ಹೊರಗೆ ಹೋಗಿ ಅಂತಿದ್ದಾರೆ.' 'ಹೌದು ಅಜ್ಜ, ಇನ್ನು ನಾಳೆ ಬೆಳಿಗ್ಗೇನೇ ಬಿಡೋದು.' 'ಬಿಡದಿದ್ರೆ ಬೇಡ. ನಾನು ಈ ಬೆಂಚಿನ ಮೇಲೇ ಕೂತಿರ್ತೀನಿ. ಅವಳು ಇವತ್ತು ಯಾಕೋ ನನ್ನ ಕೈ ಬಿಡ್ತಾನೇ ಇರಲಿಲ್ಲ. ಅವಳು ಕರೆದ್ರೆ ನಾನು ಇರಬೇಕು. ನಾನು ಎಲ್ಲಿಗೂ ಹೋಗಲ್ಲ.' 'ಸರಿ ಕಣಮ್ಮ, ಮನೆಗೆ ಹೋಗಿ ಬರ್ತೀನಿ. ಬೆನ್ನೂ ನೋಯ್ತಿದೆ.'"

ದಬ್ಬಣ ನಿಂತಿತು.

"ನಿಲ್ಲು."

"ಯಾಕಪ್ಪ?"

"ಇನ್ನೊಂದು ಸಲ ಹೇಳು."

ಅವಳು ಹೇಳಿದಳು. ದನಿ ಸ್ವಲ್ಪ ತಗ್ಗಿತ್ತು.

"ಎಲ್ಲಿಗೂ ಹೋಗಲ್ಲ ಅಂತ ಬೇರು ಬಿಟ್ಟು ಕೂತಿದ್ದ ಮನುಷ್ಯ, ಮರುಗಳಿಗೆ ಎದ್ದು ಹೊರಟ" ಎಂದರು ಅಪ್ಪ, ತಮಗೇ ಹೇಳಿಕೊಳ್ಳುವವರಂತೆ. "ಸುಮ್ಮಸುಮ್ಮನೆ ಏಳಲ್ಲ ಮಗಳೇ. ಯಾರೋ ಎಬ್ಬಿಸಿದ್ದಾರೆ. ಇಲ್ಲೇ ಬಿದ್ದಿದೆ ಸಾಲು. ಹುಡುಕು."

ಅವಳು ಹುಡುಕಬೇಕಾಗಿರಲಿಲ್ಲ. ಅದು ಅಲ್ಲೇ ಇತ್ತು, ಇಷ್ಟು ದಿನವೂ. ಕಿಟಕಿಯ ಕಟ್ಟೆಯ ತಂಪು, ಅಜ್ಜನ ಕೈಯಲ್ಲಿದ್ದ ಬಟ್ಟೆಯ ಚೀಲ, ತನ್ನ ಬಾಯಿಂದ ಎಷ್ಟು ಸಲೀಸಾಗಿ ಮಾತು ಜಾರಿತ್ತು ಎಂಬುದು, ಎಲ್ಲ.

"ನಾನೇ ಅಂದೆ." ಅವಳ ಕೈ ಹಾಳೆಗಳನ್ನು ಅದುಮಿ ಹಿಡಿದಿತ್ತು. "'ಅವರಿಗೆ ಏನೂ ಆಗಲ್ಲ ಅಜ್ಜ, ನಾನು ಹೇಳ್ತೀನಲ್ಲ. ಮನೆಗೆ ಹೋಗಿ ಮಲಗಿ, ನಾಳೆ ಬನ್ನಿ' ಅಂದೆ. ನನ್ನ ಮಾತು ನಂಬಿ ಹೋದರು. ಸಂಜೆ ಆರೂವರೆಗೆ ಅಜ್ಜಿ ಹೋಗಿಬಿಟ್ಟರು. ಇವರಿಗೆ ಸುದ್ದಿ ಮುಟ್ಟಿ ಬರೋ ಹೊತ್ತಿಗೆ ಎಂಟು ಗಂಟೆ. ಮಾರನೇ ದಿನ ಕಾಗದಪತ್ರಕ್ಕೆ ಅಂತ ಕಿಟಕಿಗೆ ಬಂದ್ರು. ನನ್ನನ್ನ ನೋಡಿ, 'ನೀನು ಒಳ್ಳೇದಕ್ಕೇ ಹೇಳಿದೆ ಕಣಮ್ಮ' ಅಂದ್ರು. ಬೈದಿದ್ರೆ ತಡ್ಕೋತಿದ್ದೆ."

ಅಮ್ಮ ಸೆರಗು ಬಾಯಿಗೆ ಹಿಡಿದಳು. ಪದ್ಯ ಮುಗಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುವುದು ಅಪ್ಪನ ರೂಢಿ. ಈ ಸಲ ಆ ಉಸಿರು ಉದ್ದವಾಯಿತು.

"ಬೇಕೂಂತ ಬಿಟ್ಟಿದ್ದಲ್ಲ ಅಪ್ಪ. ಬರೀತಾ ಬರೀತಾ ಕೈ ತಾನಾಗೇ ದಾಟಿಕೊಂಡು ಹೋಗಿದೆ. ಅಜ್ಜ ಗೇಟು ದಾಟಿದ್ರು ಅಂತ ಬರೆದು ಅಲ್ಲಿಗೇ ಮುಗಿಸಿಬಿಟ್ಟಿದ್ದೆ."

"ಈ ಕೆಂಪು ಪೆನ್ಸಿಲು ಯಾರದು?"

"ಡಿಪೊ ಕಾಲೇಜಿನ ಮೇಡಂ ಒಬ್ಬರದು."

"ಬೆಟ್ಟದವರಿಗೂ ಇದನ್ನೇ ಕಳಿಸಿದ್ದೆಯಲ್ಲ?"

"ಇದನ್ನೇ. ಅವರು ನೆನಪು ಅಸಾಧಾರಣ ಅಂದ್ರು."

ಅಪ್ಪ ತಮ್ಮ ಚಪ್ಪಟೆ ಹೆಬ್ಬೆರಳನ್ನು ನೋಡಿಕೊಂಡರು. ಆಮೇಲೆ ಎದ್ದು, ರಟ್ಟುಗಳ ಹಿಂದೆ ಕೈ ಹಾಕಿ, ಕಾಗದದಲ್ಲಿ ಸುತ್ತಿದ್ದ ಏನನ್ನೋ ತಂದು ಅವಳ ಮಡಿಲಲ್ಲಿಟ್ಟರು. ತೆಳ್ಳನೆಯ ಪುಸ್ತಕ. ಅವಳು ಬೇಡವೆಂದು ಎಸೆದಿದ್ದ ಅದೇ ಹನ್ನೊಂದು ಹಾಳೆಯ ಕರಡು, ನೀಲಿ ಕ್ಯಾಲಿಕೋ ಬಟ್ಟೆಯ ಹೊದಿಕೆ. ಮುಂದೆ ಚಿನ್ನದ ಅಕ್ಷರದಲ್ಲಿ ಅವಳ ಹೆಸರು. ಹೆಸರಿನ ಕೆಳಗೆ ಬೆಟ್ಟದ ಹೆಸರು.

"ಶನಿವಾರವೇ ಒತ್ತಿಬಿಟ್ಟೆ. ಬುಧವಾರ ಕೊಡೋಣ ಅಂತಿದ್ದೆ" ಎಂದರು. ಮುಖ ಸಪ್ಪಗಿತ್ತು, ಆದರೂ ತುಟಿಯ ಕೊನೆಯಲ್ಲಿ ಸಿಕ್ಕಿಬಿದ್ದ ಕಳ್ಳನ ನಗೆಯೊಂದಿತ್ತು. "ನನಗೆ ಆಸೆ ಇತ್ತು. ಇರಲಿಲ್ಲ ಅಂದ್ರೆ ದೇವರು ಮೆಚ್ಚಲ್ಲ."

"ಈಗ?"

"ಈಗ ಏನು ಹೇಳಲಿ? ಬಿದ್ದ ಸಾಲನ್ನ ಹುಡುಕೋ ಕಿವಿ ಎಲ್ಲಿದೆಯೋ ಅಲ್ಲಿಗೆ ಕಲಿಯೋಕೆ ಹೋಗ್ಬೇಡ ಅಂತ ನಾನು ಹೇಳಿದ್ರೆ, ಇಷ್ಟು ವರ್ಷ ನಿನ್ನನ್ನ ಎದುರಿಗೆ ಕೂರಿಸಿಕೊಂಡು ಪದ್ಯ ಹೇಳಿದ್ದು ನೀರುಪಾಲಾಯ್ತು." ಅಪ್ಪ ಪುಸ್ತಕವನ್ನು ವಾಪಸು ತೆಗೆದುಕೊಂಡು ತೆರೆದು ಹಿಡಿದರು. "ಆದ್ರೆ ತೀರ್ಮಾನ ನಿನ್ನದು. ನಾನು ಹೇಳ್ದೆ ಅಂತ ಬೆಟ್ಟಾನೂ ಹತ್ತಬೇಡ, ಡಿಪೊಗೂ ಇಳೀಬೇಡ."

ಅವಳು ಒಂಬತ್ತನೇ ಹಾಳೆಯ ಬಾಣದ ಗುರುತಿನ ಮೇಲೆ ಬೆರಳಾಡಿಸಿದಳು. ಬೆಟ್ಟದವರೂ ಎರಡು ವರ್ಷದಲ್ಲಿ ಎಂದಾದರೊಂದು ದಿನ ಆ ಸಾಲನ್ನು ಕಂಡುಹಿಡಿಯುತ್ತಿದ್ದರೋ ಏನೋ. ನರ್ಸು ಹೇಳಿದ್ದು ಸುಳ್ಳೂ ಅಲ್ಲ. ನಾಲ್ಕನೇ ಮಹಡಿಯ ಕೋಣೆ ಕೈತಪ್ಪಿದರೂ ತಪ್ಪಬಹುದು. ಆದರೆ ಕಿಟಕಿಗೆ ನಾಳೆ ಇನ್ನೊಬ್ಬ ಅಜ್ಜ ಬರುತ್ತಾನೆ. ಅವನಿಗೆ ತಾನು ಏನು ಹೇಳುತ್ತೇನೆ ಎಂದು ಕೇಳುವವರು ಬೇಕು, ಅದೂ ಬೇಗ ಬೇಕು. 'ಅಸಾಧಾರಣ' ಎಂಬ ಮಾತನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಹೇಳಿಕೊಂಡು ನೋಡಿದಳು. ಯಾಕೋ ಮೊದಲಿನ ರುಚಿ ಹತ್ತಲಿಲ್ಲ.

"ಅಪ್ಪ, ಮಶೀನು ನೋಡಿಕೊಂಡು ಹೋದವನಿಗೆ ನಾಳೆ ಫೋನ್ ಮಾಡಿ ಬೇಡ ಅನ್ನಿ. ಈ ಪುಸ್ತಕಕ್ಕೆ ಇನ್ನೊಂದು ಹಾಳೆ ಸೇರಿಸ್ತೀರಾ?"

"ಸುಮ್ಮನೆ ಅಂಟು ಹಾಕಿದ್ರೆ ಎರಡು ದಿನಕ್ಕೆ ಕಿತ್ತು ಬರುತ್ತೆ" ಎಂದು ಅಪ್ಪ ಆಗಲೇ ಚೂರಿಯ ತುದಿಯಿಂದ ಹೊದಿಕೆ ಸಡಿಲಿಸುತ್ತಿದ್ದರು. "ಹೊಲಿಗೆ ಪೂರ್ತಿ ಬಿಚ್ಚಬೇಕು. ನೀನು ಬರೀ. ಅಷ್ಟರಲ್ಲಿ ಬಿಚ್ಚಿಡ್ತೀನಿ."

"ಚಿನ್ನದ ಹೆಸರು ಹಾಳಾಯ್ತಲ್ಲ" ಎಂದಳು ಅಮ್ಮ.

"ಡಿಪೊ ಕಾಲೇಜಿನದು ಚಿಕ್ಕ ಹೆಸರು ಬಿಡೆ. ಚಿನ್ನದ ಹಾಳೆ ಉಳಿಯುತ್ತೆ."

ಮಂಗಳವಾರ ಊಟದ ಬಿಡುವಿನಲ್ಲಿ ಕಿವಿಯಕ್ಕ ಡಿಪೊ ಕಾಲೇಜಿನ ಮೆಟ್ಟಿಲು ಹತ್ತಿದಳು. ಬಣ್ಣ ಹೋದ ಗೋಡೆ, ಕಾಲು ಸಮವಿಲ್ಲದ ಬೆಂಚುಗಳು, ಕೆಳಗೆ ಬಸ್ಸು ಗುರುಗುಟ್ಟಿದಾಗಲೆಲ್ಲ ಗಡಗಡ ಅದುರುವ ಕಿಟಕಿ ಗಾಜು. ಕೆಂಪು ಪೆನ್ಸಿಲಿನ ಮೇಡಂ ಅವಳ ಅಮ್ಮನ ವಯಸ್ಸಿನವರು. ಕನ್ನಡಕವನ್ನು ತಲೆಗೇರಿಸಿಕೊಂಡು, ಮೇಜಿನ ಮೇಲೆಲ್ಲ ಅದನ್ನೇ ಹುಡುಕುತ್ತಿದ್ದರು.

ಅವಳು ಒಪ್ಪಿಗೆ ಪತ್ರವನ್ನೂ ಜೊತೆಗೆ ಒಂದು ಹಾಳೆಯನ್ನೂ ಮುಂದಿಟ್ಟಳು. ಮೇಡಂ ಕನ್ನಡಕ ಸಿಕ್ಕಿದ ಮೇಲೆ ಹಾಳೆಯನ್ನು ನಿಧಾನವಾಗಿ ಓದಿದರು.

"ಇದನ್ನ ಬರೆಯೋಕೆ ಎಷ್ಟು ಹೊತ್ತು ಹಿಡೀತಮ್ಮ?"

"ಐದು ತಿಂಗಳು ಮೇಡಂ. ಅಂದ್ರೆ, ನಿನ್ನೆ ಸಂಜೆ ಬರೆದೆ."

ಅವರು ತಲೆದೂಗಿದರು. ಪೆನ್ಸಿಲು ಕೈಗೆತ್ತಿಕೊಂಡವರು, ಏನನ್ನಿಸಿತೋ, ಕೆಳಗಿಟ್ಟರು.

"ಮಾರನೇ ದಿನ ಅವರು ಕಿಟಕಿಗೆ ಬಂದು 'ನೀನು ಒಳ್ಳೇದಕ್ಕೇ ಹೇಳಿದೆ' ಅಂದ್ರು ಅಂತ ಬರೆದಿದೀಯ. ಆಗ ನೀನೇನಂದೆ?"

"ಏನೂ ಅನ್ನಲಿಲ್ಲ. ಕಾಗದಕ್ಕೆ ಮೊಹರು ಹಾಕಿಕೊಟ್ಟೆ."

"ಹೂಂ. ಏನನ್ನಬೇಕು ಅಂತ ಮನಸ್ಸಲ್ಲಿತ್ತು?"

ಕೆಳಗೆ ಒಂದು ಬಸ್ಸು ಹಿಂದಕ್ಕೆ ಬರುತ್ತ ಮೂರು ಸಲ ಹಾರನ್ ಹೊಡೆಯಿತು. ಮಾವನದೇ ಇರಬೇಕು, ಇಷ್ಟು ಗಲಾಟೆಯ ಹಾರನ್ನು ಇನ್ನಾರದು? ಗಾಜು ಅದುರಿತು. ಮೇಡಂ ಕಿಟಕಿಯ ಕಡೆ ತಿರುಗಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಎರಡೂ ಕೈ ಮೇಜಿನ ಮೇಲಿಟ್ಟು ಅವಳ ಮುಖವನ್ನೇ ನೋಡುತ್ತ ಕಾದರು.

ಏಳು ವರ್ಷ ಕಿಟಕಿಯ ಆಚೆ ಕೂತವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಹಾರನ್ ನಿಲ್ಲಲಿ ಎಂದು ಒಂದು ಉಸಿರಿನಷ್ಟು ಹೊತ್ತು ತಡೆದು, ಆಮೇಲೆ ಹೇಳತೊಡಗಿದಳು.